ಮಣ್ಣು ಮಾಡುವ ಮುಂಚೆ ಒಂದು ಮಾತು

"ಕೇಸು ಗೀಸು ಅಂತ ಯಾಕಣ್ಣ? ಹೋದೋನು ಎದ್ದು ಬತ್ತಾನಾ? ಅದರ ಮೇಲೆ ಕುಯ್ಯೋದು ಬೇರೆ. ಸುಮ್ನೆ ಎತ್ಕೊಂಡು ಹೋಗಿ ಮಣ್ಣು ಮಾಡೋಣ ನಡೀರಿ."

ತುಮಕೂರಿನ ಬೆಳ್ಳಾವಿ ಹೋಬಳಿಯ ಯಾವ ಊರಲ್ಲಾದರೂ ಸರಿ, ರಸ್ತೆಯಲ್ಲೋ ತೋಟದ ಕರೆಂಟಿಗೋ ಒಂದು ಜೀವ ಹೋದ ದಿನ ಗುಂಪಿನಲ್ಲಿ ಯಾರಾದರೊಬ್ಬರು ಈ ಮಾತು ಆಡುತ್ತಾರೆ. ಆಡುವವರು ಕೆಟ್ಟವರಲ್ಲ. ಹೆತ್ತವಳು ಶವಾಗಾರದ ಹೊರಗೆ ಕೂತು ಗೋಳಾಡುತ್ತಿರುವಾಗ ಒಳಗೆ ಮಗನ ಮೈ ಕೊಯ್ಯಿಸುವುದಕ್ಕೆ ಮನಸ್ಸು ಬಾರದೆ ಬಂದ ಮಾತು ಅದು. ನಾನೂ ಅಂಥ ಗುಂಪಿನಲ್ಲಿ ನಿಂತಿದ್ದೇನೆ. ಏನೂ ಹೇಳಲಾರದೆ ತಲೆಯಾಡಿಸಿದ್ದೇನೆ. ಆಮೇಲೆ ವರ್ಷಗಟ್ಟಲೆ ಆ ಮನೆಯ ಹೆಂಗಸು ಕೂಲಿಗೆ ಹೋಗುವುದನ್ನು ನೋಡುತ್ತ, ಅವತ್ತು ಬಾಯಿ ಬಿಡಬೇಕಿತ್ತು ಎಂದು ಕೊರಗಿದ್ದೇನೆ. ಈ ಲೇಖನ ಆ ಕೊರಗಿನಿಂದ ಹುಟ್ಟಿದ್ದು.

2022ರ ಆಗಸ್ಟ್ 25ರ ನಸುಕು. ಶಿರಾ ತಾಲ್ಲೂಕು ಕಳ್ಳಂಬೆಳ್ಳ ಹತ್ತಿರದ ಬಾಲೇನಹಳ್ಳಿ ಬಳಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗೂ ಕ್ರೂಸರ್‌ಗೂ ಡಿಕ್ಕಿಯಾಯಿತು. ಕ್ರೂಸರ್‌ನಲ್ಲಿದ್ದವರು ರಾಯಚೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟ ಕೂಲಿಕಾರರು. ಒಂದೇ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಜೊತೆಗೆ ಮಕ್ಕಳು. 9 ಮಂದಿ ಸತ್ತರು. ಅವತ್ತೇ ಪ್ರಧಾನ ಮಂತ್ರಿ ಪರಿಹಾರ ನಿಧಿಯಿಂದ ಸತ್ತವರ ಕುಟುಂಬಕ್ಕೆ ತಲಾ 2 ಲಕ್ಷ ರೂಪಾಯಿ ಘೋಷಣೆಯಾಯಿತು, ರಾಜ್ಯ ಸರ್ಕಾರವೂ ತನ್ನ ಪಾಲು ಹೇಳಿತು. ಮರುದಿನದ ಪೇಪರಿನಲ್ಲಿ ಅದೇ 'ಪರಿಹಾರ' ಎಂದು ಅಚ್ಚಾಯಿತು.

ನಮ್ಮ ಜನ ಎಡವುವುದು ಈ ಪದದ ಹತ್ತಿರವೇ. ಸರ್ಕಾರ ಘೋಷಿಸುವುದು ಅನುಕಂಪದ ಹಣ. ಕೊಟ್ಟರೂ ಉಂಟು, ಕೊಡದಿದ್ದರೂ ಉಂಟು. ಸುದ್ದಿ ದೊಡ್ಡದಾದರೆ ಬರುತ್ತದೆ, ಗುಬ್ಬಿ ರಸ್ತೆಯಲ್ಲಿ ರಾತ್ರಿ ಒಬ್ಬನೇ ಸತ್ತವನ ಮನೆಗೆ ಬರುವುದಿಲ್ಲ. ಕಾನೂನು ಕೊಡಿಸುವ ಪರಿಹಾರ ಅದಲ್ಲ. ಅದು ತಪ್ಪು ಮಾಡಿದವನು, ಅವನ ಪರವಾಗಿ ವಿಮಾ ಕಂಪನಿ, ತೀರಿಸಬೇಕಾದ ಸಾಲ. ಅನುಕಂಪದ ಹಣ ಕೈಗೆ ಬಂದ ಮಾತ್ರಕ್ಕೆ ಈ ಸಾಲ ತೀರಿತೆಂದು ಯಾರೂ ತಿಳಿಯಬೇಕಿಲ್ಲ.

ಸತ್ತವರ ಮನೆಯವರ ಮುಂದೆ ಎರಡು ದಾರಿಗಳಿವೆ. ಎರಡೂ ಬೇರೆ ಬೇರೆ, ಎರಡರಲ್ಲೂ ಒಟ್ಟಿಗೆ ನಡೆಯಬಹುದು. ಒಂದು, ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಕ್ರಿಮಿನಲ್ ಕೇಸು. ಹಿಂದೆ ದಂಡಸಂಹಿತೆಯ 304ಎ ಎನ್ನುತ್ತಿದ್ದರು, 2 ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಲ್ಲಿ ಅದು 5 ವರ್ಷಕ್ಕೆ ಏರಿದೆ. ಆ ಕೇಸು ನಡೆಸುವುದು ಸರ್ಕಾರ, ಮನೆಯವರು ಸಾಕ್ಷಿ ಹೇಳಬೇಕಾಗಬಹುದು ಅಷ್ಟೆ. ಇನ್ನೊಂದು ಪರಿಹಾರದ ಅರ್ಜಿ. ವಾಹನ ಅಪಘಾತವಾದರೆ ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ, ವಕೀಲರ ಬಾಯಲ್ಲಿ 'ಎಂವಿಸಿ ಕೇಸು'. ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಬಿಡುಗಡೆಯಾದರೂ ಪರಿಹಾರದ ಅರ್ಜಿ ಬೀಳುವುದಿಲ್ಲ. ಅಲ್ಲಿ ಬೇಕಾದದ್ದು ಸಂಶಯಕ್ಕೆಡೆಯಿಲ್ಲದ ಸಾಕ್ಷ್ಯ, ಇಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ ಎನ್ನುವುದಷ್ಟೇ. 'ಡ್ರೈವರೇ ಖುಲಾಸೆ ಆದ ಮೇಲೆ ನಮಗೇನು ಸಿಗುತ್ತೆ' ಎಂದು ಮನೆಯಲ್ಲಿ ಕೂತವರಿಗೆ ಈ ಮಾತನ್ನು ಒತ್ತಿ ಹೇಳಬೇಕು.

ಈಗ ಆ ಶವಾಗಾರದ ಬಾಗಿಲಿಗೆ ವಾಪಸು ಬರೋಣ. ಎರಡೂ ದಾರಿಗಳು ಹೊರಡುವುದು ಅಲ್ಲಿಂದಲೇ. ಪೊಲೀಸರಿಗೆ ದೂರು ಕೊಡದೆ, ಶವಪಂಚನಾಮೆಯಾಗದೆ, ಮರಣೋತ್ತರ ಪರೀಕ್ಷೆ ಮಾಡಿಸದೆ ಮಣ್ಣು ಮಾಡಿಬಿಟ್ಟರೆ, ಸಾವಿಗೆ ಅಪಘಾತವೇ ಕಾರಣವೆಂದು ನಾಳೆ ತೋರಿಸುವುದು ಬಹಳ ಕಷ್ಟ. ಆಸ್ಪತ್ರೆಯಲ್ಲಿ ಹತ್ತು ದಿನ ನರಳಿ ಸತ್ತರೂ ಅಷ್ಟೆ. ವಿಮಾ ಕಂಪನಿಯ ವಕೀಲ ಮೊದಲು ಕೇಳುವುದೇ "ಸತ್ತದ್ದು ಅಪಘಾತದಿಂದಲೋ, ಸಕ್ಕರೆ ಕಾಯಿಲೆಯಿಂದಲೋ?" ಎಂದು. ಅದಕ್ಕೆ ಉತ್ತರ ಕೊಡುವುದು ಆ ಒಂದು ವರದಿ. ಸ್ಥಳದ ಮಹಜರು, ನಕ್ಷೆ, ಗಾಡಿಯನ್ನು ಪರೀಕ್ಷಿಸಿದ ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ದೋಷಾರೋಪ ಪಟ್ಟಿ, ಇವೆಲ್ಲವೂ ಒಂದರ ಬಾಲ ಹಿಡಿದು ಒಂದು ಬರುವ ಕಾಗದಗಳು. ದೂರು ಕೊಡುವವರು ಗಾಡಿಯ ನಂಬರು, ಬಂದ ದಿಕ್ಕು, ವೇಗ, ನೋಡಿದವರ ಹೆಸರು ಇಷ್ಟನ್ನಾದರೂ ಸರಿಯಾಗಿ ಬರೆಸಬೇಕು. ಮೂರು ದಿನ ತಡವಾಗಿ, ಯಾರೋ ಹೇಳಿಕೊಟ್ಟಂತೆ ಬರೆಸಿದ ದೂರಿನ ಮೇಲೆ ಕಂಪನಿಯವರು ಗಂಟೆಗಟ್ಟಲೆ ಪಾಟೀಸವಾಲು ಮಾಡುತ್ತಾರೆ.

ಪೊಲೀಸರಿಗೂ ಗಡುವುಗಳಿವೆ, ಇದು ಹಳ್ಳಿಗಳಲ್ಲಿ ಬಹುಪಾಲು ಯಾರಿಗೂ ಗೊತ್ತಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 50 ದಿನದೊಳಗೆ ಮಧ್ಯಂತರ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ನಿಮ್ಮ ಹಕ್ಕುಗಳು ಇಂತಿಂಥವು ಎಂದು ಬರೆದ ನಮೂನೆಯನ್ನು ಕುಟುಂಬದ ಕೈಗೆ 10 ದಿನದೊಳಗೆ ಕೊಡಬೇಕು. ಪೊಲೀಸರು ಕಳಿಸಿದ ವರದಿಯನ್ನೇ ಪರಿಹಾರದ ಅರ್ಜಿಯೆಂದು ತೆಗೆದುಕೊಳ್ಳಲು ಮೋಟಾರು ವಾಹನ ಕಾಯ್ದೆಯ 166(4)ರಲ್ಲಿ ದಾರಿಯಿದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಗಡುವುಗಳನ್ನು ಪಾಲಿಸಲೇಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಠಾಣೆಗೆ ಹೋಗಿ "ಸಾರ್, ಆ ನಮೂನೆ ಕೊಡಿ" ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಹಣ ಎಷ್ಟು? ಇದು ಜಡ್ಜ್ ಸಾಹೇಬರ ಮರ್ಜಿಯಲ್ಲ, ಮೇಸ್ತ್ರಿಯ ಲೆಕ್ಕದಂತೆ ಕೂಡಿ ಕಳೆದು ಮಾಡುವ ಲೆಕ್ಕ. 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಠಿ ತೀರ್ಪು ಎರಡೂ ಸೇರಿ ದಾರಿ ಹಾಕಿಕೊಟ್ಟಿವೆ. ಒಂದು ಕಲ್ಪನೆಯ ಮನೆ ತೆಗೆದುಕೊಳ್ಳೋಣ. ಬೆಳ್ಳಾವಿಯ ಕಡೆಯವನು, ವಯಸ್ಸು 32, ಗಾರೆ ಕೆಲಸ, ತಿಂಗಳಿಗೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಬದುಕಿದ್ದರೆ ದುಡಿಮೆ ಏರುತ್ತಿತ್ತು ಎಂದು, 40 ದಾಟದವನಿಗೆ ಶೇ 40 ಕೂಡಿಸುತ್ತಾರೆ: 21,000. ವರ್ಷಕ್ಕೆ 2,52,000. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1,89,000. 31ರಿಂದ 35ರ ವಯಸ್ಸಿಗೆ ಗುಣಕ 16. ಅಲ್ಲಿಗೆ 30,24,000. ಇದರ ಮೇಲೆ, 2017ರಲ್ಲಿ ಹೇಳಿದಂತೆ, ಶವಸಂಸ್ಕಾರಕ್ಕೆ, ಆಸ್ತಿನಷ್ಟಕ್ಕೆ ತಲಾ 15,000, ಹೆಂಡತಿ, ಮಕ್ಕಳು, ತಾಯಿ ಕಳೆದುಕೊಂಡ ಆಸರೆಗೆ ತಲಾ 40,000. ಈ ಮೊತ್ತಗಳು 3 ವರ್ಷಕ್ಕೊಮ್ಮೆ ಶೇ 10ರಷ್ಟು ಏರುತ್ತವೆ. ಅರ್ಜಿ ಹಾಕಿದ ದಿನದಿಂದ ಸಾಮಾನ್ಯವಾಗಿ ಬಡ್ಡಿಯನ್ನೂ ಕೊಡಿಸುತ್ತಾರೆ. ಶವಾಗಾರದ ಬಾಗಿಲಲ್ಲಿ ಲಾರಿ ಮಾಲೀಕನ ಕಡೆಯವರು "ಐವತ್ತು ಸಾವಿರ ಕೊಡಿಸ್ತೀವಿ, ರಾಜಿ ಮಾಡ್ಕೊಳ್ಳಿ" ಎಂದಾಗ ಈ 30 ಲಕ್ಷ ನೆನಪಿರಲಿ.

ಈ ಲೆಕ್ಕದಲ್ಲಿ ಎಲ್ಲವೂ ನಿಂತಿರುವುದು ಆ 15,000ದ ಮೇಲೆ. ಆದಾಯಕ್ಕೆ ಕಾಗದವಿಲ್ಲದಿದ್ದರೆ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ವರ್ಷವಾರು ಮಾಡಿಟ್ಟ ಅಂದಾಜು ಆದಾಯದ ಪಟ್ಟಿಯಿದೆ, ಹೈಕೋರ್ಟೂ ಅನೇಕ ತೀರ್ಪುಗಳಲ್ಲಿ ಅದನ್ನು ಹಿಡಿದಿದೆ. ಬಡವರಿಗೆ ಅದೊಂದು ಆಸರೆ ನಿಜ. ಆದರೆ ತಿಂಗಳಿಗೆ 20,000 ದುಡಿಯುತ್ತಿದ್ದ ಕೈಗಾರನನ್ನೂ ಅದು ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಮೇಲಿನ ಲೆಕ್ಕವನ್ನೇ 20,000ಕ್ಕೆ ಮಾಡಿ ನೋಡಿ, 40,32,000 ಬರುತ್ತದೆ. ಕಾಗದವಿಲ್ಲದ 5,000 ರೂಪಾಯಿಗೆ ಆ ಮನೆ 10 ಲಕ್ಷ ಕಳೆದುಕೊಳ್ಳುತ್ತದೆ. ಹಾಗಾಗಿ ಹುಡುಕಿ: ತುಮುಲ್ ಡೇರಿಯ ಪಾಸ್‌ಬುಕ್, ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಬಿಟ್ಟ ಚೀಟಿ, ಮೇಸ್ತ್ರಿಯ ಬಟವಾಡೆ ಪುಸ್ತಕ, ಫೋನ್‌ಪೇಗೆ ಬಂದ ಕೂಲಿ, ವಸಂತನರಸಾಪುರದ ಕಾರ್ಖಾನೆಯ ಪಿಎಫ್ ಖಾತೆ. ಜಮೀನಿರುವವರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಯಜಮಾನ ಹೋದರೂ ತೋಟ ಉಳಿದಿದೆಯಲ್ಲ ಎಂದು ಕೋರ್ಟು ಕೇಳುತ್ತದೆ. ಅವನ ಮೈಗೆಲಸ, ಉಸ್ತುವಾರಿ ತಪ್ಪಿದ್ದಕ್ಕೆ ಎಷ್ಟು ನಷ್ಟವೋ ಅಷ್ಟನ್ನೇ ಎಣಿಸುತ್ತದೆ. ಈಗ ಆಳಿಗೆ ಎಷ್ಟು ಕೊಡುತ್ತಿದ್ದೇವೆ ಎಂದು ಬರೆದಿಟ್ಟರೆ ಅದೇ ಸಾಕ್ಷಿ.

ಸತ್ತವಳು ಮನೆಯಲ್ಲಿದ್ದ ಹೆಂಗಸಾದರೆ? "ಅವಳಿಗೇನು ಸಂಪಾದನೆ" ಎನ್ನುವವರು ಈಗಲೂ ಇದ್ದಾರೆ. 2021ರ ಜನವರಿ 5ರ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮನೆಗೆಲಸಕ್ಕೂ ಬೆಲೆ ಕಟ್ಟಬೇಕು, ಮುಂದಿನ ಏರಿಕೆಯನ್ನೂ ಕೂಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ನಮ್ಮ ಕಡೆ ಹೆಂಗಸು ಹಾಲು ಕರೆದು ಡೇರಿಗೆ ಹಾಕುತ್ತಾಳೆ, ಕಳೆ ಕೀಳುತ್ತಾಳೆ, ಅತ್ತೆಯನ್ನು ನೋಡಿಕೊಳ್ಳುತ್ತಾಳೆ. ಇದೆಲ್ಲವನ್ನೂ ಅರ್ಜಿಯಲ್ಲಿ ಬರೆಸಿ. 'ಗೃಹಿಣಿ' ಎಂಬ ಒಂದೇ ಪದ ಬರೆದು ಬಿಡುವ ವಕೀಲರಿಗೆ ಕೂತು ವಿವರಿಸಿ ಹೇಳಿ.

ಅರ್ಜಿ ಹಾಕಲು ಅಪಘಾತ ನಡೆದ ಊರಿಗೇ ಹೋಗಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ ಸತ್ತವನ ಹೆಂಡತಿ ಬೆಳ್ಳಾವಿಯಲ್ಲಿ ವಾಸವಿದ್ದರೆ ತುಮಕೂರಿನಲ್ಲೇ ಹಾಕಬಹುದು. ಕಳ್ಳಂಬೆಳ್ಳದಲ್ಲಿ ಮಡಿದ ಕೂಲಿಕಾರರ ಮನೆಯವರು ರಾಯಚೂರಿನಲ್ಲೇ ಹಾಕಬಹುದು. ಕಾಲಮಿತಿ ಮಾತ್ರ ಎಚ್ಚರದಿಂದ ನೋಡಬೇಕಾದದ್ದು. 1994ರಿಂದ ಕಾಲಮಿತಿಯೇ ಇರಲಿಲ್ಲ. 2022ರ ಏಪ್ರಿಲ್‌ನಿಂದ 6 ತಿಂಗಳೆಂದು ಮತ್ತೆ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನು ನಂಬಿ ಮಲಗುವುದು ಬೇಡ. ವರ್ಷದ ತಿಥಿ ಮುಗಿಯಲಿ ಎಂದು ಕಾಯುವ ನಮ್ಮ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಕಡೆ ಜಾರಬಹುದು. ತಪ್ಪು ಯಾರದೆಂದು ಕೇಳದೆ ಸಾವಿಗೆ 5 ಲಕ್ಷ ಕೊಡಿಸುವ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿದೆ. ವಿಮಾ ಕಂಪನಿಯ ಅಧಿಕಾರಿ ಆ ಹಣ ಹಿಡಿದು ಬೇಗನೆ ಬಂದಾನು. ಕಾಯ್ದೆಯ ಕ್ರಮದಂತೆ ಅದನ್ನು ಒಪ್ಪಿ ತೆಗೆದುಕೊಂಡರೆ ನ್ಯಾಯಮಂಡಳಿಯ ಮುಂದಿನ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ತಪ್ಪು ಸಾಬೀತುಮಾಡುವುದು ಕಷ್ಟವೆನಿಸಿದ ಕೇಸಿನಲ್ಲಿ ಅದು ಒಳ್ಳೆಯದೇ. ಸಹಿ ಹಾಕುವ ಮುನ್ನ ಮೇಲಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು, ಅಷ್ಟೆ.

ತಪ್ಪು ಎರಡು ಗಾಡಿಗಳದೂ ಆಗಿದ್ದರೆ? 2020ರ ಮಾರ್ಚ್ 6ರಂದು ಕುಣಿಗಲ್ ತಾಲ್ಲೂಕಿನ ಬ್ಯಾಲದಕೆರೆ ಬಳಿ ಎರಡು ಕಾರುಗಳು ಡಿಕ್ಕಿಯಾಗಿ 13 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಧರ್ಮಸ್ಥಳ ಯಾತ್ರೆಯ ತಮಿಳುನಾಡಿನ ಒಂದೇ ಗುಂಪಿನವರು. ಹೀಗೆ ಎರಡು ಗಾಡಿಗಳು ಗುದ್ದಿಕೊಂಡಾಗ ಒಳಗೆ ಕೂತ ಪ್ರಯಾಣಿಕನಿಗೆ ಯಾರ ತಪ್ಪು ಎಷ್ಟು ಪಾಲು ಎಂಬ ತಲೆನೋವಿಲ್ಲ. ಎರಡರಲ್ಲಿ ಯಾವ ಗಾಡಿಯ ಮೇಲಾದರೂ ಪೂರ್ತಿ ಪರಿಹಾರ ಕೇಳಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಬೈಕಿನಲ್ಲಿ ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕತ್ತರಿಸಬಾರದು, ಮೂವರಿದ್ದದ್ದರಿಂದಲೇ ಅಪಘಾತವಾಯಿತೆಂದು ತೋರಿಸಬೇಕು ಎಂದು 2020ರಲ್ಲಿ ಹೇಳಿದೆ. ಡ್ರೈವರ್‌ಗೆ ಲೈಸೆನ್ಸ್ ಇರಲಿಲ್ಲ ಎಂದು ಕಂಪನಿ ನುಣುಚಿಕೊಳ್ಳಲು ನೋಡಿದರೆ, ಮೊದಲು ಮನೆಯವರಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ ಎನ್ನುವ ಕ್ರಮವಿದೆ. 2020ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಯಲ್ಲವ್ವ ಪ್ರಕರಣದಲ್ಲಿ ಇದನ್ನು ವಿಸ್ತಾರವಾಗಿ ಎತ್ತಿಹಿಡಿಯಿತು.

ಆದರೆ ಕಾನೂನು ಕೈಬಿಡುವ ಜಾಗಗಳೂ ಇವೆ, ಅವು ನಮ್ಮ ದಿನದ ಬದುಕಿಗೆ ತೀರ ಹತ್ತಿರದವು. ಜಾತ್ರೆಗೆಂದು ಗೂಡ್ಸ್ ಆಟೋ ಹತ್ತಿ ಕೂತವರು, ಮದುವೆಗೆಂದು ಲಗೇಜ್ ಗಾಡಿಯಲ್ಲಿ ನಿಂತು ಹೋದವರು. ಸರಕು ಸಾಗಿಸುವ ಗಾಡಿಯಲ್ಲಿ ಪುಕ್ಕಟೆ ಕೂತ ಪ್ರಯಾಣಿಕನಿಗೆ ವಿಮೆಯ ಹೊಣೆಯಿಲ್ಲವೆಂದು 2002ರಲ್ಲೇ ಸುಪ್ರೀಂ ಕೋರ್ಟಿನ ಆಶಾ ರಾಣಿ ತೀರ್ಪು ಹೇಳಿದೆ. ಸರಕಿನ ಮಾಲೀಕನೋ ಅವನ ಆಳೋ ಆಗಿದ್ದರೆ ಮಾತು ಬೇರೆ. ಸೀಟಿಗಿಂತ ಹೆಚ್ಚು ಜನ ತುಂಬಿದ್ದರೆ ಎಷ್ಟು ಸೀಟಿಗೆ ಪರವಾನಗಿ ಇದೆಯೋ ಅಷ್ಟು ಜನರ ಮಟ್ಟಿಗೆ ಮಾತ್ರ ಆ ಗಾಡಿಯ ಕಂಪನಿ ಹೊಣೆ ಎಂದು 2007ರ ತೀರ್ಪಿದೆ. ಗಾಡಿಗೆ ವಿಮೆಯೇ ಇಲ್ಲದಿದ್ದರೆ ಮಾಲೀಕನ ಆಸ್ತಿಯೇ ಗತಿ. ಜಿಲ್ಲಾಧಿಕಾರಿಗಳ ಮೂಲಕ ಕಂದಾಯ ಬಾಕಿಯಂತೆ ವಸೂಲು ಮಾಡಿಸಬಹುದು, ಆದರೆ ಅವನಿಗೆ ಆಸ್ತಿಯಿರಬೇಕಲ್ಲ. ತಪ್ಪು ಸತ್ತವನದೇ ಆದರೂ ಬಾಗಿಲು ಮುಚ್ಚುತ್ತದೆ. 2014ರ ಜೂನ್‌ನಲ್ಲಿ ಅರಸೀಕೆರೆ ಬಳಿ ವೇಗವಾಗಿ ಓಡಿಸಿ ಕಾರು ಮಗುಚಿ ಸತ್ತ ಗುತ್ತಿಗೆದಾರನ ಕುಟುಂಬ 80 ಲಕ್ಷ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಜುಲೈನಲ್ಲಿ ಅಲ್ಲೂ ಇಲ್ಲವೆಂದರು. ಅಂಥ ಮನೆಗಳಿಗೆ ಉಳಿಯುವುದು ಮಾಲೀಕ-ಚಾಲಕನ ಹೆಸರಿನಲ್ಲಿ ಮಾಡಿಸಿದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾತ್ರ. ಪಾಲಿಸಿ ಮಾಡಿಸುವಾಗ ನಾಲ್ಕು ಕಾಸು ಉಳಿಯಿತೆಂದು ಅದನ್ನು ಬಿಡಬೇಡಿ.

ಗುದ್ದಿ ಓಡಿಹೋದ ಗಾಡಿ ಸಿಗಲೇ ಇಲ್ಲವೆಂದರೆ ಪೊಲೀಸರು 'ಸಿ' ರಿಪೋರ್ಟ್ ಹಾಕುತ್ತಾರೆ, ಮನೆಯವರು ಕೈಚೆಲ್ಲುತ್ತಾರೆ. ಅಲ್ಲೂ 2 ಲಕ್ಷ ರೂಪಾಯಿ ಇದೆ. ಕೋರ್ಟಿಗೆ ಹೋಗಬೇಕಿಲ್ಲ. 2022ರ ಯೋಜನೆಯಂತೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದಲ್ಲಿ ವಿಚಾರಣೆಯಾಗಿ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಇಂಥ 67,387 ಅಪಘಾತಗಳಾಗಿದ್ದವು. ಪರಿಹಾರ ಪಡೆದವರು ಬೆರಳೆಣಿಕೆಯಷ್ಟು ಎಂದು ಕಂಡು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಈ ಯೋಜನೆ ಇದೆಯೆಂದು ಪೊಲೀಸರೇ ಕುಟುಂಬಕ್ಕೆ ತಿಳಿಸಬೇಕೆಂದು ಆದೇಶಿಸಿತು.

ರಸ್ತೆಯಷ್ಟೇ ನಮ್ಮ ಕಡೆ ಜೀವ ತೆಗೆಯುವುದು ಕರೆಂಟು. ತೆಂಗಿನ ಗರಿಗೆ ತಾಗುವಂತೆ ಜೋಲುವ ತಂತಿ, ಮಳೆಗೆ ಹರಿದು ಬಿದ್ದ ತಂತಿ. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಒಂಬತ್ತು ತಿಂಗಳ ಹಸುಗೂಸು ಸುಟ್ಟುಹೋದದ್ದನ್ನು ಯಾರು ಮರೆಯುತ್ತಾರೆ? ವಿದ್ಯುತ್ ಸಾವಿಗೆ ಎಂವಿಸಿ ಕೋರ್ಟಿಲ್ಲ. 1855ರ ಮಾರಕ ಅಪಘಾತ ಕಾಯ್ದೆಯಡಿ ಸಿವಿಲ್ ಕೋರ್ಟಿಗೆ 2 ವರ್ಷದೊಳಗೆ ಹೋಗಬೇಕು, ಇಲ್ಲವೇ ಸಂಗತಿ ನಿಚ್ಚಳವಾಗಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ. ಮನೆಯವರ ಪರವಾಗಿರುವ ದೊಡ್ಡ ಬಲ 2002ರ ಶೈಲ್ ಕುಮಾರಿ ತೀರ್ಪು. ಮಳೆನೀರಿನಲ್ಲಿ ಬಿದ್ದ ತಂತಿಗೆ ಸೈಕಲ್ ಸವಾರನೊಬ್ಬ ಬಲಿಯಾದಾಗ ಮಧ್ಯಪ್ರದೇಶದ ವಿದ್ಯುತ್ ಮಂಡಳಿ, ಯಾರೋ ಕರೆಂಟು ಕದಿಯಲು ಎಳೆದ ತಂತಿ ಅದು ಎಂದಿತು. ಅಷ್ಟು ಅಪಾಯದ ವಸ್ತುವನ್ನು ಹರಿಸುವವರು ತಮ್ಮ ನಿರ್ಲಕ್ಷ್ಯ ಇರಲಿ ಇಲ್ಲದಿರಲಿ ಹೊಣೆ ಹೊರಲೇಬೇಕು ಎಂದು ಕೋರ್ಟು ಆ ನೆಪವನ್ನು ತಳ್ಳಿಹಾಕಿತು. ಆಗಬೇಕಾದ ಕೆಲಸ ಇಷ್ಟು: ತಂತಿಯನ್ನು ಲೈನ್‌ಮ್ಯಾನ್ ಸುತ್ತಿ ಒಯ್ಯುವ ಮೊದಲು ಫೋಟೋ ತೆಗೆಯುವುದು, ವಿದ್ಯುತ್ ಪರಿವೀಕ್ಷಣಾಲಯದ ತನಿಖಾ ವರದಿಯ ಪ್ರತಿ ಕೇಳಿ ಪಡೆಯುವುದು, ತಂತಿ ಜೋಲುತ್ತಿದೆ ಎಂದು ಊರಿನವರು ಮೊದಲೇ ಕೊಟ್ಟ ಅರ್ಜಿ ಇದ್ದರೆ ಅದನ್ನು ಹುಡುಕಿ ಇಡುವುದು.

ಆಸ್ಪತ್ರೆಯ ನಿರ್ಲಕ್ಷ್ಯದ ಸಾವಿನ ಬಗ್ಗೆ ಬರೆಯಹೊರಟರೆ ಅದೇ ಇನ್ನೊಂದು ಲೇಖನವಾದೀತು. 2022ರ ನವೆಂಬರ್ ಮೊದಲ ವಾರ ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ತಾಯಿ ಕಾರ್ಡು, ಆಧಾರ್ ಇಲ್ಲವೆಂದು ತುಂಬು ಗರ್ಭಿಣಿಯನ್ನು ವಾಪಸು ಕಳಿಸಿದರು. ಮನೆಯಲ್ಲಿ ಹೆತ್ತು ಆಕೆಯೂ ಅವಳಿ ಶಿಶುಗಳೂ ಸತ್ತರು. ಸಿಬ್ಬಂದಿಯ ಅಮಾನತಾಯಿತು. ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿರುವಾಗ ಈ ಊರಿನಲ್ಲಿ ಅದು ನಡೆಯಿತು. ಉಚಿತ ಆಸ್ಪತ್ರೆಯ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಲಾಗದು. ಸಿವಿಲ್ ಕೋರ್ಟು, ಹೈಕೋರ್ಟು, ಲೋಕಾಯುಕ್ತ ಇವೇ ದಾರಿ. ಹಣ ಕೊಟ್ಟ ಆಸ್ಪತ್ರೆಯಾದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗ.

ಈ ಎಲ್ಲ ದಾರಿಗಳಲ್ಲೂ ಇನ್ನೊಂದು ತೊಡಕು ಭಾಷೆಯದು. ವಿಜ್ಞಾನವನ್ನು ಕನ್ನಡದಲ್ಲೇ ಹೇಳಬಹುದೆಂದು 1918ರಲ್ಲಿ ಪತ್ರಿಕೆ ನಡೆಸಿ ತೋರಿಸಿದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಒಬ್ಬರು. ಅವರ ಹೆಸರಿನ ಮೊದಲಿಗಿರುವ 'ಬೆಳ್ಳಾವೆ' ನಮ್ಮ ಬೆಳ್ಳಾವಿಯೇ. ನೂರು ವರ್ಷ ಕಳೆದರೂ, ಗಂಡನನ್ನು ಕಳೆದುಕೊಂಡವಳ ಕೈಗೆ ಬರುವ ವಿಮಾ ಕಂಪನಿಯ ಆಕ್ಷೇಪಣೆ ಆಕೆಗೆ ಓದಲಾಗದ ಇಂಗ್ಲಿಷಿನಲ್ಲಿರುತ್ತದೆ. ಆ ಕತ್ತಲಲ್ಲೇ ದಲ್ಲಾಳಿಗಳು ಬೆಳೆಯುವುದು. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಹೆಬ್ಬೆಟ್ಟು ಒತ್ತಬೇಡಿ. ಮಕ್ಕಳ ಪಾಲನ್ನು ಅವರು ದೊಡ್ಡವರಾಗುವ ತನಕ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ, ಅದು ನಿಮ್ಮನ್ನು ಕಾಯಲೆಂದೇ ಇರುವ ಏರ್ಪಾಡು. ತೀರ್ಪಿನ ಮೊತ್ತ ಕಡಿಮೆಯೆನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವ ಹೆಣ್ಣುಮಕ್ಕಳಿಗೆ ಒಂದು ಮಾತು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿದೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಸಮಿತಿ ಇವೆ. ನಾಡಕಚೇರಿಯಿಂದ ವಂಶವೃಕ್ಷ, ಮರಣ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಆಧಾರ್ ಇಷ್ಟು ಹಿಡಿದು ಹೋದರೆ ಸಾಕು. ಹೋಗುವ ಮೊದಲು ಮಾತಾಡಬೇಕೆಂದರೆ ಕಾನೂನು ನೆರವಿನ ಸಂಖ್ಯೆ 15100. ಈ ಕರೆಗೆ ಶುಲ್ಕವಿಲ್ಲ. ಇದನ್ನು ಓದಿದವರು ಆ ಐದು ಅಂಕಿಯನ್ನು ನಿಮ್ಮ ಊರಿನ ಡೇರಿಯ ಗೋಡೆ ಮೇಲೆ ಬರೆಸಿ.